ಪೋಖ್ರಾನ್‌ನಿಂದ ಕೊಣಾಜೆವರೆಗೆ: ಪರಮಾಣು ಒಡೆದು ಅಳೆದ ಕನ್ನಡಿಗ ರಾಜಾ ರಾಮಣ್ಣ

ಪಡುಬಿದ್ರಿ: ರಾಜಾ ರಾಮಣ್ಣ ಅಂದ ಕೂಡಲೇ ಹಿರಿಯರಿಗೆ ನೆನಪಾಗುವುದು ಪೋಖ್ರಾನ್. 1974ರಲ್ಲಿ ದೇಶದ ಮೊದಲ ಅಣು ಪರೀಕ್ಷೆ ನಡೆಸಿದ ತಂಡದ ನಾಯಕರು ಅವರು. ಈಗಿನ ಹುಡುಗರಿಗೆ ಹೆಸರೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ಆದರೆ ಇಲ್ಲಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಉತ್ತರಕ್ಕೆ ಹೋದರೆ ಕಾರವಾರ ತಾಲೂಕಿನ ಕೈಗಾ. ಎರಡೂ ಕಡೆ ಇವರ ಬದುಕಿನ ಒಂದೊಂದು ಎಳೆ ಉಂಟು.

ಪಿಯಾನೋ ತಂದ ಪರಿಚಯ

ರಾಮಣ್ಣ ಹುಟ್ಟಿದ್ದು 1925ರ ಜನವರಿ 28ರಂದು, ತುಮಕೂರಿನಲ್ಲಿ. ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿದ್ದವರು. ತಾಯಿ ರುಕ್ಮಿಣಿಯಮ್ಮ. ಚಿಕ್ಕಂದಿನಿಂದಲೇ ಹುಡುಗನಿಗೆ ಪಿಯಾನೋ ಹುಚ್ಚು. ಓದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ಆಮೇಲೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ.

ವಿಜ್ಞಾನಕ್ಕೆ ದಾರಿ ತೋರಿಸಿದ್ದೂ ಸಂಗೀತವೇ. 1944ರಲ್ಲಿ ಸಂಗೀತ ಪರೀಕ್ಷಕರೊಬ್ಬರ ಮೂಲಕ ಹೋಮಿ ಭಾಭಾ ಅವರ ಪರಿಚಯವಾಯಿತು. ಭಾಭಾ ಆಗ ಬೆಂಗಳೂರಿನಲ್ಲಿ ವಿಶ್ವಕಿರಣಗಳ ಅಧ್ಯಯನ ಮಾಡುತ್ತಿದ್ದರು. ಅವರಿಗೂ ಪಾಶ್ಚಾತ್ಯ ಸಂಗೀತ ಅಂದರೆ ಪ್ರಾಣ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪಿಎಚ್‌ಡಿ ಮುಗಿಸಿದ ರಾಮಣ್ಣ 1949ರಲ್ಲಿ ವಾಪಸ್ ಬಂದು, ಭಾಭಾ ಕಟ್ಟಿದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು.

ತೆಂಗಿನಕಾಯಿ ಒಡೆದ ಹಾಗೆ

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ 'ಅಪ್ಸರಾ' ರಿಯಾಕ್ಟರ್ ಶುರುವಾಯಿತು. ದೇಶದ ಮೊದಲ ರಿಯಾಕ್ಟರ್ ಅದು. ಇಂಧನ ಬ್ರಿಟನ್ನಿನದ್ದು, ವಿನ್ಯಾಸ ಮತ್ತು ಕೆಲಸ ನಮ್ಮವರದ್ದೇ. ಕಟ್ಟಿದ ತಂಡದಲ್ಲಿ ರಾಮಣ್ಣ ಕೂಡ ಇದ್ದರು.

ಉಳಿದವರಿಗೆ ರಿಯಾಕ್ಟರ್ ಅಂದರೆ ಮುಂದೆ ಕರೆಂಟು ಸಿಗುವ ಭರವಸೆ. ರಾಮಣ್ಣನವರಿಗೆ ಅದು ನ್ಯೂಟ್ರಾನ್ ಸಿಗುವ ಬಾವಿ. ಅಲ್ಲಿಂದ ಬರುವ ನ್ಯೂಟ್ರಾನ್‌ಗಳನ್ನು ಯುರೇನಿಯಂ-235ಕ್ಕೆ ತಾಗಿಸಿ, ಅದರ ಬೀಜಕೇಂದ್ರ ಒಡೆಯುವಾಗ ಏನೇನಾಗುತ್ತದೆ ಅಂತ ಅವರ ತಂಡ ಅಳೆಯಲು ಕೂತಿತು.

ದೇವಸ್ಥಾನದ ಕಲ್ಲಿಗೆ ತೆಂಗಿನಕಾಯಿ ಒಡೆಯುವುದನ್ನು ನೆನಪಿಸಿಕೊಳ್ಳಿ. ಎರಡು ಹೋಳು ಸರಿಸಮ ಆಗುವುದು ಅಪರೂಪ. ಯುರೇನಿಯಂ ಕೂಡ ಹಾಗೆಯೇ. ಹೆಚ್ಚಿನ ಸಲ ಒಂದು ತುಂಡು ಭಾರ, ಇನ್ನೊಂದು ಹಗುರ. ಕಾಯಿಯಿಂದ ನೀರು ಚಿಮ್ಮುವ ಹಾಗೆ ಇಲ್ಲಿಯೂ ಎರಡು ಮೂರು ನ್ಯೂಟ್ರಾನ್ ಹೊರಗೆ ಹಾರುತ್ತವೆ. ಅವು ಯಾವ ದಿಕ್ಕಿಗೆ ಹಾರುತ್ತವೆ, ಎಷ್ಟು ಶಕ್ತಿ ಹೊತ್ತಿರುತ್ತವೆ, ಹೋಳುಗಳ ತೂಕ ಯಾಕೆ ಹೀಗೆ ಹಂಚಿಹೋಗುತ್ತದೆ? ರಾಮಣ್ಣ ತಂಡದ ಪ್ರಯೋಗಗಳು ಇದರ ಮೇಲೆಯೇ. ಈ ಕೆಲಸ ಹೊರದೇಶದವರೂ ಗಮನಿಸುವಂತಾಯಿತು. 1963ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು.

ಇದರ ಜತೆಗೆ 1957ರಲ್ಲಿ ಟ್ರಾಂಬೆಯಲ್ಲಿ ತರಬೇತಿ ಶಾಲೆ ಶುರುವಾಯಿತು. ಅದರ ಹೊಣೆ ಹೊತ್ತವರೂ ರಾಮಣ್ಣನವರೇ. ಕಾಲೇಜು ಮುಗಿಸಿದ ಹುಡುಗರನ್ನು ಆರಿಸಿ, ಒಂದು ವರ್ಷ ಕಲಿಸಿ, ಕೆಲಸಕ್ಕೆ ಹಚ್ಚುವುದು. ದೇಶದ ಪರಮಾಣು ಇಲಾಖೆ ಬೆಳೆದದ್ದು ಹೀಗೆ ಕಲಿತವರ ಹೆಗಲ ಮೇಲೆ.

ಹೆಸರು ಬಂತು, ಬಾಗಿಲು ಮುಚ್ಚಿತು

1972ರಲ್ಲಿ ಅವರು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. 1974ರ ಮೇ 18ರಂದು ರಾಜಸ್ಥಾನದ ಪೋಖ್ರಾನ್‌ನಲ್ಲಿ ನೆಲದಡಿ ಸ್ಫೋಟ ನಡೆಯಿತು. ಶಾಂತಿಯುತ ಉದ್ದೇಶದ ಪರೀಕ್ಷೆ ಅಂತ ಸರಕಾರ ಹೇಳಿತು. ಹೊರಗಿನವರು ಒಪ್ಪಲಿಲ್ಲ. ರಿಯಾಕ್ಟರ್ ಕಟ್ಟಲು ನೆರವಾಗಿದ್ದ ಕೆನಡಾ ಸಹಕಾರ ನಿಲ್ಲಿಸಿತು. ಮರುವರ್ಷ ರಾಮಣ್ಣನವರಿಗೆ ಪದ್ಮವಿಭೂಷಣ ಬಂತು. ಆದರೆ ಹೊರಗಿನಿಂದ ಯಂತ್ರ, ಇಂಧನ, ತಂತ್ರಜ್ಞಾನ ಸಿಗುವುದು ಕಷ್ಟವಾಗಿ, ಮುಂದಿನ ಎಷ್ಟೋ ವರ್ಷ ಇಲ್ಲಿಯ ವಿಜ್ಞಾನಿಗಳು ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕಾಯಿತು. 1985ರಲ್ಲಿ ಶುರುವಾದ 'ಧ್ರುವ' ರಿಯಾಕ್ಟರ್ ಹೀಗೆ ಮಾಡಿಕೊಂಡದ್ದು.

ಕೈಗಾ ಮತ್ತು ಕಾರಂತರು

1983ರಿಂದ 1987ರವರೆಗೆ ರಾಮಣ್ಣ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರು. ಕಾಳಿ ನದಿ ದಡದ ಕೈಗಾ ಯೋಜನೆ ರೂಪುಗೊಂಡದ್ದು ಈ ಕಾಲದಲ್ಲೇ. ಕರಾವಳಿಯಲ್ಲಿ ದೊಡ್ಡ ವಿರೋಧ ಎದ್ದಿತು. ಮುಂದೆ ನಿಂತವರಲ್ಲಿ ನಮ್ಮ ಕೋಟದ ಶಿವರಾಮ ಕಾರಂತರೂ ಒಬ್ಬರು. 80 ದಾಟಿದ ವಯಸ್ಸಿನಲ್ಲಿ, 1989ರಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಸೋತರೂ ಪ್ರಶ್ನೆ ಸಾಯಲಿಲ್ಲ. 1994ರಲ್ಲಿ ಕಟ್ಟುತ್ತಿದ್ದ ಘಟಕದ ಗುಮ್ಮಟದ ಕಾಂಕ್ರೀಟ್ ಕುಸಿದಾಗ ಹೆದರಿಕೆ ಇನ್ನೂ ಹೆಚ್ಚಾಯಿತು.

ಈಗ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲ ಘಟಕ 2018ರ ಕೊನೆಯವರೆಗೆ ನಿಲ್ಲದೆ 962 ದಿನ ಓಡಿ ಆಗ ವಿಶ್ವದಾಖಲೆ ಮಾಡಿತು. ಆದರೂ ಸ್ಥಾವರದ ಪಕ್ಕ ಬದುಕುವವರ ಚಿಂತೆ ದಾಖಲೆಯಿಂದ ಹೋಗುವುದಿಲ್ಲ. ಎಲ್ಲೂರಿನ ಕಲ್ಲಿದ್ದಲು ಸ್ಥಾವರದ ಚಿಮಣಿ ನೋಡಿಕೊಂಡು ಬದುಕುವ ಪಡುಬಿದ್ರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆದರಿಕೆಗೂ ಹೆಮ್ಮೆಗೂ ಉತ್ತರ ಸಿಗಬೇಕಾದ್ದು ಅಳತೆಯಿಂದ. ಮಂಗಳೂರು ವಿವಿಯ ಭೌತಶಾಸ್ತ್ರದವರು ಕೈಗಾ ಸುತ್ತಲಿನ ಮತ್ತು ಕರಾವಳಿಯ ಮಣ್ಣು, ಗಿಡ, ನೀರಿನ ವಿಕಿರಣವನ್ನು ಅಳೆದು ದಾಖಲಿಸಿದ್ದಾರೆ. ಉಳ್ಳಾಲದ ಕಡಲ ಮರಳಿನಲ್ಲಿ ಪ್ರಕೃತಿಯೇ ಇಟ್ಟ ವಿಕಿರಣ ಉಳಿದ ಕಡೆಗಿಂತ ಜಾಸ್ತಿ ಅನ್ನುವುದೂ ಇಂಥ ಅಳತೆಯಿಂದಲೇ ಗೊತ್ತಾದದ್ದು.

ಕೊಣಾಜೆಯ ಯಂತ್ರ

ರಾಮಣ್ಣ ಆಯೋಗದ ಅಧ್ಯಕ್ಷರಾಗಿದ್ದಾಗ, 1984ರಲ್ಲಿ, ಇಂದೋರಿನಲ್ಲಿ ಲೇಸರ್ ಮತ್ತು ಕಣ ವೇಗವರ್ಧಕಗಳ ಸಂಶೋಧನೆಗೆ ಹೊಸ ಕೇಂದ್ರದ ಅಡಿಗಲ್ಲು ಬಿತ್ತು. ಆ ಕೇಂದ್ರದವರು ಮಾಡಿಕೊಟ್ಟ ಮೈಕ್ರೋಟ್ರಾನ್ ಎಂಬ ಯಂತ್ರ 1995ರಲ್ಲಿ ಕೊಣಾಜೆಯಲ್ಲಿ ಶುರುವಾಯಿತು. ಎಲೆಕ್ಟ್ರಾನ್‌ಗಳನ್ನು ಸುತ್ತಿಸಿ ಸುತ್ತಿಸಿ ವೇಗ ಹೆಚ್ಚಿಸುವ ಯಂತ್ರ ಅದು. ಆ ಎಲೆಕ್ಟ್ರಾನ್‌ಗಳನ್ನು ಲೋಹಕ್ಕೆ ಹೊಡೆಸಿದರೆ ಗಾಮಾ ಕಿರಣಗಳಂಥ ತೀಕ್ಷ್ಣ ಕಿರಣ ಬರುತ್ತದೆ.

ಇದರಿಂದ ವಸ್ತುಗಳ ಮೇಲೆ, ಜೀವಕೋಶಗಳ ಮೇಲೆ ವಿಕಿರಣದ ಪರಿಣಾಮ ನೋಡುತ್ತಾರೆ. ಯುರೇನಿಯಂ, ಥೋರಿಯಂ ಒಡೆದಾಗ ತುಂಡುಗಳು ಯಾವ ದಿಕ್ಕಿಗೆ ಹಾರುತ್ತವೆ ಅಂತಲೂ ಇಲ್ಲಿ ಪ್ರಯೋಗ ನಡೆದಿದೆ. ತುಂಡುಗಳು ತಾಗಿದ ಗುರುತು ಪ್ಲಾಸ್ಟಿಕ್ ಹಾಳೆಯ ಮೇಲೆ ಉಳಿಯುತ್ತದೆ, ಅದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಅಪ್ಸರಾದ ಪಕ್ಕ ರಾಮಣ್ಣ ಕೇಳಿದ್ದು ಇದೇ ಜಾತಿಯ ಪ್ರಶ್ನೆ.

ರಾಮಣ್ಣ ಕೊನೆಯವರೆಗೂ ಸುಮ್ಮನೆ ಕೂತವರಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾದರು, 1990ರಲ್ಲಿ ರಕ್ಷಣಾ ರಾಜ್ಯ ಸಚಿವರಾದರು, ಆಮೇಲೆ ರಾಜ್ಯಸಭೆಗೆ ಹೋದರು. ನಮ್ಮ ರಾಗ ಮತ್ತು ಪಾಶ್ಚಾತ್ಯ ಸಂಗೀತದ ಬಗ್ಗೆ ಪುಸ್ತಕವನ್ನೂ ಬರೆದರು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ತೀರಿಕೊಂಡರು. ಮರುವರ್ಷ ಇಂದೋರಿನ ಕೇಂದ್ರಕ್ಕೆ ಅವರ ಹೆಸರನ್ನೇ ಇಟ್ಟರು.

ಪೋಖ್ರಾನ್ ಮುಗಿದ ಕಥೆ. ಕೈಗಾದ ವಾದ ಇನ್ನೂ ಮುಗಿದಿಲ್ಲ. ಬಿಎಸ್ಸಿ ಮುಗಿಸಿ ಮುಂದೇನು ಅಂತ ಯೋಚಿಸುವ ಕಾಪು, ಪಡುಬಿದ್ರಿ, ಕಾರ್ಕಳದ ಮಕ್ಕಳಿಗೆ ಕೊಣಾಜೆ ಮಾತ್ರ ದೂರ ಇಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆಗೆ ಬರಬಹುದು.