ಮಾಸ್ತರರಾದ ವರಕವಿ ಬೇಂದ್ರೆಯವರು

ವರಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಕಾವ್ಯವನ್ನು ಕೊಂಡಾಡಿದಷ್ಟು ಅವರ ಉಪಜೀವನದ ಕಥೆಯನ್ನು ಕನ್ನಡಿಗರು ನೆನೆದಿಲ್ಲ. ಜ್ಞಾನಪೀಠವನ್ನೇರಿದ ಈ ಮಹನೀಯರು ವೃತ್ತಿಯಿಂದ ಶಾಲಾ ಮಾಸ್ತರರು. ಬಾಳಿನ ನಡುಹಗಲಿನಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಸ್ಥಿರವಾದ ನೌಕರಿಯಿಲ್ಲದೆ ಬಳಲಿದವರು.

1896ರ ಜನವರಿ 31ರಂದು ಧಾರವಾಡದಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಮನೆಯ ಹೆಂಗಸರು ಖಾನಾವಳಿ ನಡೆಯಿಸಿ ಸಂಸಾರವನ್ನು ಸಾಗಿಸಿದರು. ಆ ತಾಯಿ ಅಂಬಿಕೆಯ ಹೆಸರೇ ಮುಂದೆ ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ಅಮರವಾಯಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವೀಧರರಾದ ಬೇಂದ್ರೆಯವರು ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಅಧ್ಯಾಪಕರಾದರು. 1919ರಲ್ಲಿ ಲಕ್ಷ್ಮೀಬಾಯಿಯವರೊಡನೆ ವಿವಾಹ. 1922ರಲ್ಲಿ ಗೆಳೆಯರ ಗುಂಪಿನ ಸ್ಥಾಪನೆ. ಹಗಲೆಲ್ಲ ಪಾಠ, ಸಂಜೆಗೆ ಕಾವ್ಯಗೋಷ್ಠಿ ಎಂಬಂತಿದ್ದ ದಿನಗಳವು.

ಅಂದಿನ ಖಾಸಗಿ ಪ್ರೌಢಶಾಲೆಗಳು ವಿದ್ಯಾರ್ಥಿಗಳ ಫೀ, ದಾನಿಗಳ ದೇಣಿಗೆ ಹಾಗೂ ಸರಕಾರದ ಅನುದಾನ ಇವುಗಳ ಮೇಲೆ ನಿಂತಿದ್ದವು. ಈ ಮೂರರಲ್ಲಿ ಒಂದು ಅಲುಗಿದರೂ ಮೊದಲು ನಡುಗುವುದು ಮಾಸ್ತರನ ಮನೆಯ ಒಲೆ. ಸರಕಾರದ ಕೆಂಗಣ್ಣಿಗೆ ಗುರಿಯಾದವನನ್ನು ಇಟ್ಟುಕೊಳ್ಳುವ ಧೈರ್ಯ ಎಷ್ಟು ಶಾಲೆಗಳಿಗೆ ಇದ್ದೀತು?

1932ರಲ್ಲಿ ‘ಗರಿ’ ಕವನಸಂಕಲನವು ಪ್ರಕಟವಾಯಿತು. ಅದರೊಳಗಿನ ‘ನರಬಲಿ’ ಎಂಬ ಕವಿತೆಯಲ್ಲಿ ಬ್ರಿಟಿಷ್ ಸರಕಾರವು ರಾಜದ್ರೋಹವನ್ನು ಕಂಡಿತು. ಮೂವತ್ತಾರರ ಪ್ರಾಯದ ಕವಿ ಹಿಂಡಲಗಾ ಸೆರೆಮನೆಯನ್ನು ಸೇರಿದರು. ಅನಂತರ ಧಾರವಾಡದ ಸಮೀಪದ ಮುಗದ ಗ್ರಾಮದಲ್ಲಿ ನಜರಬಂದಿಯಲ್ಲಿದ್ದರು. ಶಾಲೆಯ ಕೆಲಸ ಕೈಬಿಟ್ಟುಹೋಯಿತು. ಸೆರೆಯ ದಿನಗಳಿಗೆ ಒಂದು ಗಡುವಿತ್ತು. ನಿರುದ್ಯೋಗಕ್ಕೆ ಆ ಗಡುವೂ ಇರಲಿಲ್ಲ.

ಕೆಲಸ ಕಳೆದುಕೊಂಡ ಮಾಸ್ತರನ ಸ್ಥಿತಿ ವಿಚಿತ್ರವಾದುದು. ಹೊಲವಿಲ್ಲ, ಮಗ್ಗವಿಲ್ಲ, ಅಂಗಡಿಯಿಲ್ಲ. ಕಲಿತ ವಿದ್ಯೆಯೊಂದೇ ಬಂಡವಾಳ. ಊರಿನವರು ಎಂದಿನಂತೆ ಮಾಸ್ತರರೇ ಎಂದು ನಮಸ್ಕರಿಸುತ್ತಾರೆ, ಕಿರಾಣಿ ಅಂಗಡಿಯಲ್ಲಿ ಉದ್ರಿ ಮಾತ್ರ ಬೆಳೆಯುತ್ತದೆ. ಬೇಂದ್ರೆಯವರ ಮನೆಯಲ್ಲಿ ಇದರೊಡನೆ ಪುತ್ರಶೋಕವೂ ಇತ್ತು. ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಈ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊತ್ತವರು ಲಕ್ಷ್ಮೀಬಾಯಿಯವರೆಂದರೆ ತಪ್ಪಾಗಲಾರದು. 1937ರಲ್ಲಿ ಬಂದ ‘ಸಖೀಗೀತ’ವು ಆ ದಾಂಪತ್ಯದ ಸುಖದುಃಖಗಳ ಕಥನವೇ ಆಗಿದೆ.

ಅವರು ಕೈಕಟ್ಟಿ ಕುಳಿತವರಲ್ಲ. ತಮ್ಮ ವಿದ್ಯಾರ್ಥಿಗಳ ವಯಸ್ಸಿನವರ ಸಾಲಿನಲ್ಲಿ ಪರೀಕ್ಷಾರ್ಥಿಯಾಗಿ, ಮೂವತ್ತೊಂಬತ್ತನೆಯ ವರ್ಷದಲ್ಲಿ, 1935ರಲ್ಲಿ, ಎಂ.ಎ. ಮುಗಿಸಿದರು. ಪದವಿ ಬಂದಿತು, ಪದವಿಗೆ ತಕ್ಕ ಸ್ಥಾನ ಬರಲಿಲ್ಲ. 1937ರಲ್ಲಿ ಜಮಖಂಡಿಯಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಜರುಗಿದಾಗ ಕನ್ನಡ ನಾಡು ಬೇಂದ್ರೆಯವರ ಹಾಡನ್ನು ಆಗಲೇ ಹಾಡುತ್ತಿತ್ತು. ಹಾಡಿದವನ ಅನ್ನದ ಚಿಂತೆ ಮಾತ್ರ ತೀರಿರಲಿಲ್ಲ. ಮುಂದೆ ಗದಗಿನ ಪ್ರೌಢಶಾಲೆಯೊಂದರಲ್ಲಿ ಕೆಲಕಾಲ ಮುಖ್ಯೋಪಾಧ್ಯಾಯರಾಗಿದ್ದರು. 1943ರಲ್ಲಿ ಶಿವಮೊಗ್ಗೆಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ದೊರೆಯಿತು. ನಾಡು ಮೊದಲು ಮೆರವಣಿಗೆಯನ್ನು ಕೊಟ್ಟಿತು, ಸಂಬಳವನ್ನು ಆಮೇಲೆ!

1944ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಅವರನ್ನು ಕನ್ನಡ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಅದೇ ವರ್ಷ ಸಮ್ಮೇಳನವು ರಬಕವಿಗೆ ಬಂದಿತು, ಅಧ್ಯಕ್ಷರು ಶಿ. ಶಿ. ಬಸವನಾಳರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಅಡಿಪಾಯ ಹಾಕಿದ ಏಳು ಜನ ತರುಣ ಅಧ್ಯಾಪಕರಲ್ಲಿ ಇವರೊಬ್ಬರು. ಅಧ್ಯಾಪಕರೇ ಕೂಡಿ ಸಂಸ್ಥೆ ಕಟ್ಟಿ, ದಾನಿಗಳ ಕೈಯನ್ನು ಅದಕ್ಕೆ ಆಸರೆಯಾಗಿಸಿದ ದಾರಿ ಅವರದು. ಒಂಟಿಯಾಗಿ ನಡೆದ ಬೇಂದ್ರೆಯವರಿಗೆ ಆ ಆಸರೆ ಬಹಳ ತಡವಾಗಿ, ಕನ್ನಡದ ಗಡಿಯಾಚೆಗೆ ದೊರೆಯಿತು.

ಸೊಲ್ಲಾಪುರದಲ್ಲಿ 1956ರ ವರೆಗೆ ಪಾಠ ಹೇಳಿದ ಬೇಂದ್ರೆಯವರು ಬಳಿಕ ಧಾರವಾಡ ಆಕಾಶವಾಣಿಯ ಸಲಹೆಗಾರರಾದರು. ‘ಅರಳು ಮರಳು’ ಸಂಕಲನಕ್ಕೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, ‘ನಾಕುತಂತಿ’ಗೆ 1973ರ ಜ್ಞಾನಪೀಠ ಇವೆಲ್ಲ ಒಂದರ ಹಿಂದೊಂದು ಬಂದವು. 1981ರ ಅಕ್ಟೋಬರದಲ್ಲಿ ಅವರು ದೇಹವಿಟ್ಟರು. ಸಾಧನಕೇರಿಯ ಆ ಮನೆಯನ್ನು ನೋಡಲು ಬರುವವರಲ್ಲಿ ಶಾಲಾ ಮಾಸ್ತರರ ಸಂಖ್ಯೆ ಸಣ್ಣದಲ್ಲ.