ಆಗೆ ಬೋರ್: ತಂದೆಯ ಹಾದಿ, ತನ್ನದೇ ಹೆಜ್ಜೆ

ಪಿಯುಸಿ ಓದುವ ನಮಗೆಲ್ಲ ನೀಲ್ಸ್ ಬೋರ್ ಗೊತ್ತು. ಅವರ ಮಗ ಆಗೆ ಬೋರ್ ಹುಟ್ಟಿದ್ದು 1922ರಲ್ಲಿ, ಕೋಪನ್‌ಹೇಗನ್‌ನಲ್ಲಿ. ತಂದೆಗೆ ನೊಬೆಲ್ ಬಂದದ್ದೂ ಅದೇ ವರ್ಷ. 1943ರಲ್ಲಿ ನಾಜಿಗಳಿಂದ ತಪ್ಪಿಸಿಕೊಳ್ಳಲು ಕುಟುಂಬ ಸ್ವೀಡನ್‌ಗೆ ಹೋಯಿತು. ಮಗನ ಓದು ಅರ್ಧಕ್ಕೇ ನಿಂತಿತು. ಯುದ್ಧ ಮುಗಿದ ಮೇಲೆ ಮರಳಿ ಬಂದು 1946ರಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ನ್ಯೂಕ್ಲಿಯಸ್ ಯಾವಾಗಲೂ ದುಂಡಗಿರುವುದಿಲ್ಲ, ಅದರ ಕಣಗಳು ಒಟ್ಟಾಗಿ ಸುತ್ತಬಲ್ಲವು ಎಂದು ಬೆನ್ ಮಾಟೆಲ್ಸನ್ ಜೊತೆ ಸೇರಿ ವಿವರಿಸಿದರು. 1975ರಲ್ಲಿ ಇಬ್ಬರಿಗೂ ರೇನ್‌ವಾಟರ್ ಜೊತೆ ನೊಬೆಲ್ ಬಂತು.

ಉದ್ದ, ಅಗಲ, ದಪ್ಪ ಮೂರೂ ಬೇರೆಬೇರೆಯಾದ, ಮಾವಿನಕಾಯಿಯಂಥ ನ್ಯೂಕ್ಲಿಯಸ್ ಬುಗುರಿಯ ಹಾಗೆ ಓಲಾಡುತ್ತ ತಿರುಗಬೇಕೆಂದು ಇಬ್ಬರೂ ಅದೇ ವರ್ಷದ ಪುಸ್ತಕದಲ್ಲಿ ಬರೆದಿದ್ದರು. ಲುಟೀಶಿಯಂ-163ರಲ್ಲಿ ಅದು ಪ್ರಯೋಗದಿಂದ ಕಂಡದ್ದು 2001ರಲ್ಲಿ. 26 ವರ್ಷ ಕಾದ ಆ ಉತ್ತರ ಅವರ ಬದುಕಿನಲ್ಲೇ ಬಂತು. 2009ರಲ್ಲಿ ಅವರು ತೀರಿಕೊಂಡರು.