ಅರವಿಂದರ ಲೇಖನಿಯ ದನಿ

ಕಲ್ಕತ್ತೆಯ ಜಾದವ್‌ಪುರ ವಿಶ್ವವಿದ್ಯಾಲಯದ ಆಡಳಿತ ಸೌಧಕ್ಕೆ ಅರವಿಂದ ಭವನವೆಂದು ಹೆಸರು. ಈ ವಿದ್ಯಾಪೀಠದ ಮೂಲವಾದ ಬಂಗಾಳ ನ್ಯಾಷನಲ್ ಕಾಲೇಜಿಗೆ 1906ರಲ್ಲಿ ಪ್ರಥಮ ಪ್ರಾಂಶುಪಾಲರಾದವರು ಶ್ರೀ ಅರವಿಂದ ಘೋಷರು. ಆ ಮಹನೀಯರ ಜೀವನಚರಿತ್ರೆಯು ಅವರ ಲೇಖನಿಯ ದನಿ ಮಾಗಿದ ಚರಿತ್ರೆಯೂ ಹೌದು.

1872ರ ಆಗಸ್ಟ್ 15ರಂದು ಕಲ್ಕತ್ತೆಯಲ್ಲಿ ಜನಿಸಿ, ಏಳನೆಯ ವಯಸ್ಸಿನಲ್ಲೇ ಇಂಗ್ಲೆಂಡಿಗೆ ತೆರಳಿದ ಅವರು 1893ರಲ್ಲಿ ಸ್ವದೇಶಕ್ಕೆ ಮರಳಿ ಬರೋಡಾ ಸಂಸ್ಥಾನದ ಸೇವೆಗೆ ಸೇರಿದರು. ಅದೇ ವರ್ಷ ಮುಂಬಯಿಯ ‘ಇಂದುಪ್ರಕಾಶ’ ಪತ್ರಿಕೆಯಲ್ಲಿ ಕಾಂಗ್ರೆಸ್ಸಿನ ಯಾಚನಾನೀತಿಯನ್ನು ಖಂಡಿಸಿ ಲೇಖನಮಾಲೆಯೊಂದನ್ನು ಆರಂಭಿಸಿದರು. ಇಪ್ಪತ್ತೊಂದರ ಪ್ರಾಯ, ಖಡ್ಗಧಾರೆಯಂಥ ಮಾತು. ನ್ಯಾಯಮೂರ್ತಿ ರಾನಡೆಯವರು ಪತ್ರಿಕೆಯ ಒಡೆಯರನ್ನು ಎಚ್ಚರಿಸಿದರು. ದನಿಯನ್ನು ತಗ್ಗಿಸಬೇಕಾಯಿತು, ತಗ್ಗಿಸಿ ಬರೆಯುವುದರಲ್ಲಿ ಮನಸ್ಸು ನಿಲ್ಲದೆ ಮಾಲೆಯೇ ನಿಂತುಹೋಯಿತು.

ಮುಂದೆ ‘ವಂದೇ ಮಾತರಂ’ ಪತ್ರಿಕೆಯಲ್ಲಿ ಅದೇ ಕಿಚ್ಚು ಮತ್ತೆ ಹೊತ್ತಿ ತರುಣರನ್ನು ಬಡಿದೆಬ್ಬಿಸಿತು. 1907ರಲ್ಲಿ ಸರ್ಕಾರ ಹೂಡಿದ ರಾಜದ್ರೋಹದ ಮೊಕದ್ದಮೆ ನಿಲ್ಲಲಿಲ್ಲ. ಆದರೆ 1908ರ ಮೇ ತಿಂಗಳಲ್ಲಿ ಬಾಂಬ್ ಮೊಕದ್ದಮೆಯಲ್ಲಿ ಬಂಧಿತರಾಗಿ ಅಲಿಪುರದ ಸೆರೆಮನೆಯಲ್ಲಿ ಒಂದು ವರ್ಷ ಕಳೆದರು. ಒಂಬತ್ತು ಅಡಿ ಉದ್ದದ ಏಕಾಂತದ ಕೋಣೆ. ಗೀತೆ, ಉಪನಿಷತ್ತು, ಧ್ಯಾನ. ಸೆರೆಯ ಗೋಡೆಯಲ್ಲಿಯೂ ಕಾವಲುಗಾರನಲ್ಲಿಯೂ ಅವರಿಗೆ ವಾಸುದೇವನೇ ಕಂಡನು.

1909ರಲ್ಲಿ ನಿರ್ದೋಷಿಯೆಂದು ಹೊರಬಂದ ಮೇಲೆ ಅವರು ಬಂಗಾಳಿಯಲ್ಲಿ ಬರೆದ ಸೆರೆಮನೆಯ ಕಥೆಯೇ ‘ಕಾರಾಕಾಹಿನಿ’. ದೂರಲು ಬೇಕಾದಷ್ಟಿತ್ತು, ಅವರು ದೂರಲಿಲ್ಲ. ಊಟ, ಸ್ನಾನ, ಕುಡಿಯುವ ನೀರು ಎಲ್ಲಕ್ಕೂ ಕೊಟ್ಟಿದ್ದ ಒಂದೇ ಬಟ್ಟಲನ್ನು, ಯಾವ ಹುದ್ದೆಗೂ ಸಲ್ಲುವ ಆಂಗ್ಲ ಅಧಿಕಾರಿಗೆ ಹೋಲಿಸಿ ನಗಿಸಿದರು. ಓದುಗನು ನಗುತ್ತಾನೆ, ನಗುತ್ತಲೇ ಸೆರೆಯ ಕ್ರೌರ್ಯವನ್ನು ಅರಿಯುತ್ತಾನೆ. ಅವನೆದೆಯಲ್ಲಿ ದ್ವೇಷ ಮೂಡುವುದಿಲ್ಲ. ಬರೆದವರ ನೆಮ್ಮದಿಯೇ ಅವನಿಗೂ ಹರಿದುಬರುತ್ತದೆ. ಮಾತಿನ ಅರ್ಥ ಬುದ್ಧಿಗೆ ತಲಪುವ ಮೊದಲೇ ಅದರ ದನಿ ಹೃದಯವನ್ನು ಮುಟ್ಟುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1910ರಲ್ಲಿ ಪಾಂಡಿಚೇರಿಯನ್ನು ಸೇರಿದ ಅರವಿಂದರು ಅಲ್ಲಿಯೇ ನೆಲೆನಿಂತರು. 1930ರ ದಶಕದಲ್ಲಿ ಶಿಷ್ಯರ ಪತ್ರಗಳಿಗೆ ರಾತ್ರಿಗಳನ್ನೇ ಮುಡಿಪಿಟ್ಟು ಉತ್ತರಿಸಿದರು. ಒಬ್ಬರಿಗೆ ಗುರುವಿನ ಗಾಂಭೀರ್ಯ, ಇನ್ನೊಬ್ಬರಿಗೆ ಗೆಳೆಯನ ವಿನೋದ, ನೊಂದವರಿಗೆ ತಾಯಿಯ ಸಾಂತ್ವನ. ಸತ್ಯ ಒಂದೇ, ಕೇಳುವವನ ಮನಸ್ಸಿಗೆ ತಕ್ಕಂತೆ ದನಿ ಬೇರೆ. ಆ ವಾಣಿ ಕನ್ನಡದ ಬೇಂದ್ರೆ, ಗೋಕಾಕರನ್ನೂ ಸೆಳೆಯಿತು. 1950ರ ಡಿಸೆಂಬರ್ 5ರಂದು ಅವರು ದೇಹವಿಟ್ಟರು.

ನವರಾತ್ರಿಯ ಸರಸ್ವತೀ ಪೂಜೆಯಂದು ಪುಸ್ತಕ, ಲೇಖನಿಗಳನ್ನು ದೇವಿಯ ಮುಂದಿರಿಸುವುದು ನಮ್ಮ ಸಂಪ್ರದಾಯ. ದೂರದೂರಿನ ಹಿರಿಯರಿಗೆ ನಾವು ಬರೆಯುವ ನಾಲ್ಕು ಸಾಲಿನಲ್ಲಿಯೂ ಆ ಪ್ರಸನ್ನತೆ ನೆಲೆಸುವಂತೆ ವಾಗ್ದೇವಿ ಅನುಗ್ರಹಿಸಲಿ.